ಹೊಸ ಗಾಡಿ ಜೊತೆ ಶೋರೂಂನಲ್ಲಿ ಕೊಡುವ ಹೆಲ್ಮೆಟ್ ಬಗ್ಗೆ ಎಚ್ಚರ: ಬಕಲ್ ಹಾಕಿದ್ದರೂ ತಲೆಯಿಂದ ಕಳಚಿಹೋಯ್ತು

ಹೊಸ ಸ್ಕೂಟರ್ ಅಥವಾ ಬೈಕ್ ಡೆಲಿವರಿ ತಗೊಳ್ಳೋಕೆ ಹೊರಟಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಶೋರೂಂನವರು ಗಾಡಿ ಜೊತೆ ಕೊಡುವ ಹೆಲ್ಮೆಟ್ ನಿಮ್ಮ ತಲೆಗೆ ದೊಡ್ಡದಾಗಿದ್ದರೆ ತಗೋಬೇಡಿ. ಒಳಗೆ ಸ್ಪಂಜ್ ಅಂಟಿಸಿ "ಈಗ ಸರಿಹೋಯ್ತು ನೋಡಿ" ಅಂತ ಕೈಗಿಟ್ಟರಂತೂ ಅಲ್ಲೇ ವಾಪಸ್ ಕೊಡಿ. ಅಂಥದ್ದೇ ಒಂದು ಹೆಲ್ಮೆಟ್ ನನ್ನ ತಂಗಿ ಗಾಡಿಯಿಂದ ಬೀಳುತ್ತಿದ್ದ ಹಾಗೇ ತಲೆಯಿಂದ ಕಳಚಿಕೊಂಡು ರಸ್ತೆ ಪಾಲಾಯಿತು. ಅದು ಫುಟ್‌ಪಾತ್ ಮಾಲು ಅಲ್ಲ, ಐಎಸ್‌ಐ ಮಾರ್ಕ್ ಇದ್ದ ಅಸಲಿ ಹೆಲ್ಮೆಟ್.

ತಂಗಿ ಶಿವಮೊಗ್ಗದಲ್ಲಿ ಕೆಲಸಕ್ಕಿದ್ದಾಳೆ. ಸ್ಕೂಟರ್ ಡೆಲಿವರಿ ದಿನ ಪೂಜೆ ಆಗಿ, ನಿಂಬೆಹಣ್ಣು ಇಟ್ಟು, ಇನ್ನೇನು ಹೊರಡಬೇಕು ಅನ್ನುವಾಗ ಶೋರೂಂ ಹುಡುಗ ಒಂದು ಹೆಲ್ಮೆಟ್ ತಂದುಕೊಟ್ಟ. ಹಾಕಿಕೊಂಡು ತಲೆ ಅಲ್ಲಾಡಿಸಿದರೆ ಹೆಲ್ಮೆಟ್ ಒಂದು ಕಡೆ, ತಲೆ ಇನ್ನೊಂದು ಕಡೆ. "ಲೂಸ್ ಇದೆಯಲ್ಲ" ಅಂತ ಅವಳು ಕೇಳಿದ್ದಕ್ಕೆ "ನಮ್ಮಲ್ಲಿ ಎಲ್ಲರಿಗೂ ಇದೇ ಸೈಜ್ ಮೇಡಂ, ಒಂದು ನಿಮಿಷ ಕೊಡಿ" ಅಂತ ಒಳಗೆ ತಗೊಂಡು ಹೋಗಿ, ಎರಡು ಕಿವಿಯ ಮೇಲ್ಭಾಗಕ್ಕೆ ಒಂದೊಂದು, ಹಿಂದಲೆಗೆ ಒಂದು ಸ್ಪಂಜ್ ತುಂಡು ಅಂಟಿಸಿ ತಂದ. ಹಾಕಿದಾಗ ಬಿಗಿಯಾಗೇ ಕೂತಿತು. ಶೋರೂಂನವರೇ ಸರಿಮಾಡಿ ಕೊಟ್ಟ ಮೇಲೆ ಯಾರು ಅನುಮಾನ ಪಡುತ್ತಾರೆ?

ಬಿದ್ದಿದ್ದು ಸಾಗರ ರಸ್ತೆಯಲ್ಲಿ, ಸಂಜೆ ಮನೆಗೆ ಬರುವಾಗ. ನಾಯಿ ಅಡ್ಡ ಬಂತು, ಬ್ರೇಕ್ ಹಿಡಿದಳು, ಮುಂದಿನ ಚಕ್ರ ಜಾರಿತು. ಅವಳೇನೂ ಜೋರಾಗಿ ಹೋಗುತ್ತಿರಲಿಲ್ಲ. ಮೊದಲು ಭುಜ ನೆಲಕ್ಕೆ ಬಡಿದಿದೆ. ಆ ಒದೆತಕ್ಕೇ ಹೆಲ್ಮೆಟ್ ಮುಂದಕ್ಕೆ ಮಗುಚಿಕೊಂಡು ಹೋಗಿದೆ. ಆಮೇಲೆ ಡಾಂಬರಿಗೆ ಬಡಿದಿದ್ದು ಬರೀ ತಲೆ. ಹಿಂದಲೆಗೆ ಹೊಲಿಗೆ ಬಿತ್ತು. ಸ್ಕ್ಯಾನ್‌ನಲ್ಲಿ ರಕ್ತಸ್ರಾವ ಏನೂ ಕಾಣಲಿಲ್ಲ ಅಂತ ಮನೆಯವರೆಲ್ಲ ದೇವರಿಗೆ ಕೈಮುಗಿದೆವು. ಆದರೆ ಅವಳಿಗೆ ವಾಸನೆ ಗೊತ್ತಾಗುವುದು ನಿಂತುಹೋಗಿದೆ. ಹಿಂದಲೆಗೆ ಪೆಟ್ಟು ಬಿದ್ದಾಗ ಮಿದುಳು ಒಳಗೇ ಜಗ್ಗಿ, ಮೂಗಿನ ಮೇಲಿನ ಸಣ್ಣ ತೂತುಗಳ ಮೂಳೆಯಿಂದ ಹಾದುಬರುವ ನರದ ಎಳೆಗಳು ಕಿತ್ತುಹೋಗಬಹುದು ಅಂತ ಡಾಕ್ಟರ್ ವಿವರಿಸಿದರು. ಈಗ ಒಲೆಯ ಮೇಲೆ ಹಾಲು ಸೀದರೂ ಅವಳಿಗೆ ತಿಳಿಯುವುದಿಲ್ಲ. ಗ್ಯಾಸ್ ಸೋರಿದರೆ ಗತಿಯೇನು ಅಂತ ಅಮ್ಮ ಅವಳೊಬ್ಬಳನ್ನೇ ಅಡುಗೆಮನೆಯಲ್ಲಿ ಬಿಡುವುದಿಲ್ಲ.

ಹೆಲ್ಮೆಟ್ಟನ್ನು ಅಲ್ಲಿದ್ದ ಹಣ್ಣಿನ ಅಂಗಡಿಯವರು ಎತ್ತಿಟ್ಟಿದ್ದರು. ಕೈಗೆ ತಗೊಂಡು ನೋಡಿದಾಗ ನನಗೆ ಮೈ ಜುಮ್ಮೆಂದಿತು: ಬಕಲ್ ಲಾಕ್ ಆಗಿಯೇ ಇತ್ತು. ಪಟ್ಟಿ ಹರಿದಿರಲಿಲ್ಲ, ಎಲ್ಲೂ ಬಿಚ್ಚಿಕೊಂಡಿರಲಿಲ್ಲ. ಸ್ಪಂಜ್ ತುಂಡುಗಳು ಬೆವರು ಕುಡಿದು ಹಪ್ಪಳದಷ್ಟು ತೆಳ್ಳಗಾಗಿದ್ದವು, ಒಂದು ಕಿತ್ತುಕೊಂಡು ಪಟ್ಟಿಯ ಬುಡದಲ್ಲಿ ಸಿಕ್ಕಿಕೊಂಡಿತ್ತು. ಹೊರಗಿನ ಚಿಪ್ಪಿಗೆ ಒಂದು ಬದಿ ಗೀರು ಬಿದ್ದಿದ್ದು ಬಿಟ್ಟರೆ ಬೇರೇನೂ ಆಗಿರಲಿಲ್ಲ. ಪ್ಯಾಡಿಂಗ್ ಬಿಚ್ಚಿ ಒಳಗಿನ ಥರ್ಮೊಕೋಲ್ ಪೂರ್ತಿ ಸವರಿ ನೋಡಿದೆ. ಎಲ್ಲೂ ಒಂದು ತಗ್ಗಿಲ್ಲ. ಅಂದರೆ ಆ ಹೆಲ್ಮೆಟ್ ಮಾಡಬೇಕಾದ ಕೆಲಸ ಏನಿತ್ತೋ ಅದನ್ನು ಮಾಡುವ ಅವಕಾಶವೇ ಅದಕ್ಕೆ ಸಿಗಲಿಲ್ಲ.

ನಮ್ಮ ಜೀವ ಉಳಿಸುವುದು ಹೊರಗಿನ ಗಟ್ಟಿ ಚಿಪ್ಪೊಂದೇ ಅಲ್ಲ. ಪೆಟ್ಟು ಬಿದ್ದಾಗ ಒಳಗಿನ ದಪ್ಪ ಥರ್ಮೊಕೋಲ್ ಪದರ ಜಜ್ಜಿಹೋಗುತ್ತದೆ. ಹಾಗೆ ಜಜ್ಜಿಹೋಗುವ ಆ ಕ್ಷಣದಲ್ಲಿ ತಲೆಯ ವೇಗ ತಗ್ಗುತ್ತದೆ, ಮಿದುಳಿಗೆ ಹೋಗುವ ಪೆಟ್ಟು ಇಳಿಯುತ್ತದೆ. ಆ ಪದರ ತಲೆಯ ಸುತ್ತ ಎಲ್ಲ ಕಡೆ ಒತ್ತಿ ಕೂತಿದ್ದರೆ ಮಾತ್ರ ಇದೆಲ್ಲ ನಡೆಯುತ್ತದೆ. ಸ್ಪಂಜ್ ಬೆರಳಲ್ಲಿ ಒತ್ತಿದರೇ ಕುಗ್ಗುತ್ತದೆ, ರಸ್ತೆಯ ಪೆಟ್ಟನ್ನು ಅದೇನು ತಡೆದೀತು! ಅದು ಖಾಲಿ ಜಾಗವನ್ನು ಕಣ್ಣಿಗೆ ಮುಚ್ಚುತ್ತದೆ ಅಷ್ಟೇ. ಜೊತೆಗೆ ದೊಡ್ಡ ಹೆಲ್ಮೆಟ್‌ನಲ್ಲಿ ಪಟ್ಟಿ ಕೂರುವ ಜಾಗವೂ ತಪ್ಪುತ್ತದೆ. ಗಂಟಲಿನ ಹತ್ತಿರ ದವಡೆಯ ಕೆಳಗೆ ಬಿಗಿಯಾಗಿರಬೇಕಾದ ಪಟ್ಟಿ ಗದ್ದದ ತುದಿಗೆ ಬಂದು ಜೋತಾಡುತ್ತದೆ. ಹೆಲ್ಮೆಟ್ ಮುಂದಕ್ಕೆ ಮಗುಚಿದರೆ ಅದು ಗದ್ದದಿಂದ ಜಾರಿ ಹೊರಗೆ ಬರುತ್ತದೆ, ಬಕಲ್ ಹಾಕಿದ್ದರೂ.

ಶೋರೂಂಗೆ ಹೆಲ್ಮೆಟ್ ತಗೊಂಡು ಹೋಗಿ ಮ್ಯಾನೇಜರ್ ಮುಂದೆ ಇಟ್ಟೆ. "ನಾವು ಐಎಸ್‌ಐ ಹೆಲ್ಮೆಟ್ಟೇ ಕೊಟ್ಟಿರೋದು ಸರ್, ಬೇಕಾದ್ರೆ ಚೆಕ್ ಮಾಡಿಸಿ" ಅಂದರು. ಚೆಕ್ ಮಾಡಿದೆ. ಮಾರ್ಕ್‌ನ ಮೇಲೆ ಐಎಸ್ 4151 ಅಂತಿದೆ, ಕೆಳಗಿನ ಲೈಸೆನ್ಸ್ ನಂಬರನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಕಂಪನಿ ಹೆಸರೂ ಬರುತ್ತದೆ. ಅದರಲ್ಲಿ ಮೋಸ ಇಲ್ಲ. ಗಾಡಿ ಮಾರುವಾಗ ಹೆಲ್ಮೆಟ್ ಕೊಡಬೇಕು ಅಂತ ಕೇಂದ್ರ ಮೋಟಾರು ವಾಹನ ನಿಯಮಾವಳಿಯ 138ನೇ ನಿಯಮದಲ್ಲಿದೆ, ಅವರು ಕೊಟ್ಟಿದ್ದಾರೆ. ಆದರೆ ಒಳಗಿನ ಲೇಬಲ್‌ನಲ್ಲಿ 600 ಅಂತ ಬರೆದಿದೆ, ಅಂದರೆ ಅರವತ್ತು ಸೆಂಟಿಮೀಟರ್ ಸುತ್ತಳತೆಯ ತಲೆಗೆ. ನನ್ನ ತಂಗಿಯ ತಲೆ ಐವತ್ತೈದು. ಇಷ್ಟು ವ್ಯತ್ಯಾಸ ಕಣ್ಣೆದುರು ಕಂಡರೂ ಸ್ಪಂಜ್ ಅಂಟಿಸಿ ಕಳಿಸಿದ್ದು ಸಣ್ಣ ತಪ್ಪಲ್ಲ. ಅದನ್ನು ಅವರ ಎದುರೇ ಹೇಳಿದ್ದೇನೆ, ಬರವಣಿಗೆಯಲ್ಲೂ ಕೊಟ್ಟಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.

ಹೆಲ್ಮೆಟ್ ಕೊಳ್ಳುವವರು ಮೊದಲು ಮನೆಯಲ್ಲೇ ಟೈಲರ್ ಟೇಪ್ ಹಿಡಿದು ಅಳತೆ ತಗೊಳ್ಳಿ. ಹುಬ್ಬಿನಿಂದ ಒಂದು ಬೆರಳು ಮೇಲೆ, ಕಿವಿಗಳ ಮೇಲಿಂದ, ಹಿಂದಲೆ ಉಬ್ಬಿರುವ ಜಾಗದ ಸುತ್ತ. ಎಲ್ಲಿ ಅತಿ ಹೆಚ್ಚು ಬರುತ್ತದೋ ಅದೇ ನಿಮ್ಮ ಸೈಜ್. ಅಂಗಡಿಯಲ್ಲಿ ಮೀಡಿಯಂ, ಲಾರ್ಜ್ ಅನ್ನುವ ಅಕ್ಷರ ನಂಬಬೇಡಿ, 560, 580 ಅಂತ ಮಿಲಿಮೀಟರ್‌ನಲ್ಲಿ ಬರೆದಿರುವುದನ್ನು ನೋಡಿ. ಅದೂ ಕಂಪನಿಯಿಂದ ಕಂಪನಿಗೆ ಸ್ವಲ್ಪ ಬೇರೆ. ನಮ್ಮ ಬೆಳಗಾವಿಯ ವೇಗಾದ 560ಕ್ಕೂ ಇನ್ನೊಂದು ಕಂಪನಿಯ 560ಕ್ಕೂ ಒಳಗಿನ ಆಕಾರ ಒಂದೇ ಇರಬೇಕೆಂದಿಲ್ಲ. ತಲೆಗಳೂ ಹಾಗೇ, ಕೆಲವರದು ಗುಂಡಗೆ, ಕೆಲವರದು ಉದ್ದಕ್ಕೆ. ಹಾಕಿದಾಗ ಹಣೆಗೆ ಮಾತ್ರ ಒತ್ತಿ ಬದಿಗಳಲ್ಲಿ ಸಡಿಲ ಇದ್ದರೆ ಆ ಮಾಡೆಲ್ ನಿಮ್ಮ ತಲೆಯ ಆಕಾರಕ್ಕೆ ಆಗುವುದಿಲ್ಲ. ದೊಡ್ಡ ಸೈಜ್ ಕೇಳಬೇಡಿ, ಬೇರೆ ಮಾಡೆಲ್ ಕೇಳಿ.

ಹೊಸದು ಬಿಗಿಯೇ ಇರಬೇಕು. ಫುಲ್ ಫೇಸ್ ಆದರೆ ಕೆನ್ನೆ ಮೇಲಕ್ಕೆ ಒತ್ತಿಕೊಂಡು ಮಾತು ಸ್ವಲ್ಪ ಅಸ್ಪಷ್ಟ ಆಗುವಷ್ಟು. "ಸ್ವಲ್ಪ ಲೂಸ್ ತಗೊಳ್ಳಿ, ಗಾಳಿ ಆಡುತ್ತೆ" ಅನ್ನುವ ಅಂಗಡಿಯವರ ಮಾತಿಗೆ ದಯವಿಟ್ಟು ಕಿವಿಗೊಡಬೇಡಿ. ಒಳಗಿನ ಪ್ಯಾಡಿಂಗ್ ಬಳಸುತ್ತ ಬಳಸುತ್ತ ತಾನಾಗಿ ಸಡಿಲ ಆಗುತ್ತದೆ, ಮೊದಲೇ ಸಡಿಲ ಇದ್ದದ್ದು ಆಮೇಲೆ ಏನಾದೀತು ಯೋಚಿಸಿ. ಹೆಲ್ಮೆಟ್ ಹಿಡಿದು ಆಚೀಚೆ ತಿರುಗಿಸಿದರೆ ಹಣೆಯ ಚರ್ಮವೂ ಜೊತೆಗೆ ಎಳೆದುಕೊಂಡು ಬರಬೇಕು.

ಇನ್ನೊಂದು ಪರೀಕ್ಷೆ ಇದೆ, ಇದನ್ನು ಬಿಡಲೇಬೇಡಿ. ಪಟ್ಟಿಯ ಕೆಳಗೆ ಎರಡು ಬೆರಳಷ್ಟೇ ತೂರುವ ಹಾಗೆ ಬಿಗಿದು ಲಾಕ್ ಮಾಡಿ. ಆಮೇಲೆ ಜೊತೆಯಲ್ಲಿ ಬಂದವರಿಗೆ ಹಿಂದೆ ನಿಂತು, ಹೆಲ್ಮೆಟ್‌ನ ಹಿಂಬದಿಯ ಕೆಳ ಅಂಚು ಹಿಡಿದು ಮೇಲಕ್ಕೆತ್ತಿ ಮುಂದಕ್ಕೆ ಮಗುಚಲು ಹೇಳಿ. ಕಣ್ಣಿನ ಮೇಲೆ ಒಂಚೂರು ಇಳಿದು ನಿಲ್ಲಬಹುದು, ತಲೆಯಿಂದ ಹೊರಗೆ ಬರಬಾರದು. ತಂಗಿಯ ಆ ಹಳೆಯ ಹೆಲ್ಮೆಟ್ಟನ್ನು ನನ್ನ ಅತ್ತಿಗೆಯ ತಲೆಗೆ ಹಾಕಿ ಹೀಗೆ ಮಾಡಿ ನೋಡಿದೆವು. ಒಂದೇ ಕೈಯಲ್ಲಿ ಎತ್ತಿದ್ದಕ್ಕೆ ಸಲೀಸಾಗಿ ಬಂದುಬಿಟ್ಟಿತು, ಬಕಲ್ ಹಾಕಿದ್ದ ಹಾಗೇ.

ಎಲ್ಲ ಸರಿ ಕಂಡರೂ ತಕ್ಷಣ ದುಡ್ಡು ಕೊಡಬೇಡಿ. ಹಾಕಿಕೊಂಡೇ ಕಾಲು ಗಂಟೆ ಅಂಗಡಿಯಲ್ಲಿ ಕೂತಿರಿ, ಕನ್ನಡಕ ಇದ್ದರೆ ಅದನ್ನೂ ಹಾಕಿಕೊಂಡು. ತೆಗೆದಾಗ ಹಣೆಯಲ್ಲಿ ಒಂದೇ ಜಾಗದಲ್ಲಿ ಕೆಂಪಗೆ ಗುರುತು ಬಿದ್ದು ನೋಯುತ್ತಿದ್ದರೆ ಬೇಡ. ಅಕ್ಕತಂಗಿಯರಿಗೆ ಇನ್ನೊಂದು ಮಾತು. ದಿನಾ ಹೇಗೆ ಜಡೆ ಹಾಕುತ್ತೀರೋ ಹಾಗೇ ಹೋಗಿ. ಮೇಲೆ ಕಟ್ಟಿದ ಜುಟ್ಟು, ತುರುಬು, ದೊಡ್ಡ ಕ್ಲಿಪ್ ಇದ್ದರೆ ಹೆಲ್ಮೆಟ್ ಪೂರ್ತಿ ಇಳಿಯುವುದೇ ಇಲ್ಲ. ಗಾಡಿ ಓಡಿಸುವಾಗ ಕೂದಲು ಕುತ್ತಿಗೆಯ ಹತ್ತಿರ ಕೆಳಗೆ ಕಟ್ಟಿ.

ನಮ್ಮ ಮಲೆನಾಡಿನ ಮಳೆಗೆ ಹೆಲ್ಮೆಟ್ ಒದ್ದೆ ಆದಾಗ ಬಚ್ಚಲೊಲೆ ಹತ್ತಿರ ನೇತುಹಾಕುವ ಅಭ್ಯಾಸ ಎಷ್ಟೋ ಮನೆಗಳಲ್ಲಿದೆ. ಹಾಗೆ ಮಾಡಬೇಡಿ, ಬಿಸಿಗೆ ಥರ್ಮೊಕೋಲ್ ಹಾಳಾಗುತ್ತದೆ, ಹೊರಗಿನಿಂದ ನೋಡಿದರೆ ಗೊತ್ತೂ ಆಗುವುದಿಲ್ಲ. ಪೆಟ್ರೋಲ್, ಥಿನ್ನರ್ ಹಾಕಿ ಒರೆಸುವುದೂ ಅಷ್ಟೇ ಕೆಟ್ಟದ್ದು. ಒಮ್ಮೆ ಪೆಟ್ಟು ತಿಂದ ಹೆಲ್ಮೆಟ್ ಚೆನ್ನಾಗಿ ಕಂಡರೂ ಬದಲಿಸಿ, ಜಜ್ಜಿದ ಥರ್ಮೊಕೋಲ್ ಮತ್ತೆ ಉಬ್ಬುವುದಿಲ್ಲ.

ಹಿಂದೆ ಕೂರುವವರಿಗೂ ಇದೇ ಲೆಕ್ಕ. ಅಪ್ಪನ ಹೆಲ್ಮೆಟ್ಟನ್ನು ಶಾಲೆಗೆ ಹೋಗುವ ಮಗುವಿನ ತಲೆಗೆ ಕವುಚಿ ಕರೆದುಕೊಂಡು ಹೋಗುವುದನ್ನು ದಿನಾ ನೋಡುತ್ತೇನೆ, ಹೊಟ್ಟೆ ಉರಿಯುತ್ತದೆ. ನಾಲ್ಕು ವರ್ಷ ದಾಟಿದ ಮಕ್ಕಳಿಗೆ ಹೆಲ್ಮೆಟ್ ಕಡ್ಡಾಯ. ಒಂಬತ್ತು ತಿಂಗಳಿಂದ ನಾಲ್ಕು ವರ್ಷದವರೆಗಿನ ಮಕ್ಕಳಿಗೂ ಅವರ ತಲೆಗೆ ಹೊಂದುವ ಹೆಲ್ಮೆಟ್, ಮಗುವನ್ನು ಓಡಿಸುವವರ ಮೈಗೆ ಸೇರಿಸಿ ಕಟ್ಟುವ ಬೆಲ್ಟ್, ಗಂಟೆಗೆ 40 ಕಿಲೋಮೀಟರ್ ಮೀರದ ವೇಗ ಅಂತ 2023ರ ಫೆಬ್ರವರಿಯಿಂದ ನಿಯಮ ಇದೆ. ಮಕ್ಕಳ ಸೈಜ್ ಅಂಗಡಿಯಲ್ಲಿ ಸಿಗದಿದ್ದರೆ ತರಿಸಿಕೊಡಲು ಹೇಳಿ, ತರಿಸುತ್ತಾರೆ.

ಇನ್ನು ಶೋರೂಂ ವಿಷಯ. ಬುಕಿಂಗ್ ಫಾರಂನಲ್ಲಿ ಗಾಡಿಯ ಬಣ್ಣ ಬರೆಸುವಾಗಲೇ ನಿಮ್ಮ ತಲೆಯ ಅಳತೆಯನ್ನೂ ಬರೆಸಿ. ಆ ಸೈಜ್ ಇಲ್ಲ ಅಂದರೆ ಇಲ್ಲ ಅಂತ ಬರೆದುಕೊಡಲು ಕೇಳಿ, ಹೆಲ್ಮೆಟ್‌ಗೆ ಬಿಲ್‌ನಲ್ಲಿ ದುಡ್ಡು ಹಾಕಿದ್ದರೆ ಕಳೆಯಲು ಹೇಳಿ. ಅವರು ಒಪ್ಪಲಿ, ಬಿಡಲಿ, ನಿಮ್ಮ ತಲೆಗೆ ಕೂರುವ ಹೆಲ್ಮೆಟ್ಟನ್ನು ಡೆಲಿವರಿಗೆ ಮುಂಚೆಯೇ ಕೊಂಡಿಟ್ಟುಕೊಳ್ಳಿ, ಶೋರೂಂ ಗೇಟು ದಾಟುವಾಗಲೇ ಅದು ತಲೆ ಮೇಲಿರಲಿ.