ದೇವರಾಯನದುರ್ಗದ ಸುತ್ತು, ಸಿದ್ದರಬೆಟ್ಟದ ಸುತ್ತು: ಎರಡನ್ನೂ ನಡೆದು ನೋಡಿದ ಮೇಲೆ

ತುಮಕೂರಿನವರಿಗೆ ಬೆಟ್ಟಗಳಿಗೆ ಬರವಿಲ್ಲ. ಆದರೆ ಬಂಡೆಯನ್ನೂ ಕಾಡನ್ನೂ ಹಾದು, ಹತ್ತಿದ ದಾರಿಯಲ್ಲೇ ಇಳಿಯದೆ, ಹೊರಟ ಜಾಗಕ್ಕೆ ಬೇರೊಂದು ಕಡೆಯಿಂದ ಬಂದು ಸೇರುವ ಅರ್ಧ ದಿನದ ನಡಿಗೆ ಬೇಕೆಂದರೆ ಆಯ್ಕೆ ಕಿರಿದಾಗುತ್ತದೆ. ಮಧುಗಿರಿಯ ಏಕಶಿಲೆಯನ್ನು ನಾನು ಈ ಹೋಲಿಕೆಯಿಂದ ಮೊದಲೇ ಬಿಟ್ಟಿದ್ದೇನೆ. ಅಲ್ಲಿ ಕೋಟೆಯ ಬಾಗಿಲುಗಳನ್ನು ದಾಟಿ ಹತ್ತಿದವರು ಅವೇ ಬಾಗಿಲುಗಳನ್ನು ದಾಟಿ ಇಳಿಯಬೇಕು. ಉಳಿದದ್ದು ನಗರದಿಂದ ಸುಮಾರು 15 ಕಿಲೋಮೀಟರ್ ದೂರದ ದೇವರಾಯನದುರ್ಗ, ಮತ್ತು ಕೊರಟಗೆರೆ ತಾಲ್ಲೂಕಿನ ತೋವಿನಕೆರೆಯ ಹತ್ತಿರವಿರುವ, ಅದಕ್ಕಿಂತ ಇಮ್ಮಡಿ ದೂರದ ಸಿದ್ದರಬೆಟ್ಟ. ಎರಡನ್ನೂ ಮಳೆ ನಿಂತ ಮೇಲೊಮ್ಮೆ, ಬೇಸಿಗೆಯ ಮೊದಲಲ್ಲೊಮ್ಮೆ ನಡೆದಿದ್ದೇನೆ. ನಾಲ್ಕು ಸಲವೂ ಜೊತೆಗಿದ್ದವರು ಐವತ್ನಾಲ್ಕು ವರ್ಷದ ನನ್ನ ಅಕ್ಕ ಮತ್ತು ಪಿಯುಸಿ ಓದುತ್ತಿರುವ ಅವರ ಮಗ.

ದೇವರಾಯನದುರ್ಗದ ಸುತ್ತನ್ನು ನಾವು ನಾಮದ ಚಿಲುಮೆಯಿಂದ ಆರಂಭಿಸಿದೆವು. ಹಣೆಗೆ ನಾಮ ಹಚ್ಚಿಕೊಳ್ಳಲು ನೀರಿಲ್ಲದಾಗ ಶ್ರೀರಾಮನು ಬಾಣ ಬಿಟ್ಟು ಬಂಡೆಯಿಂದ ಚಿಮ್ಮಿಸಿದ ಒರತೆಯೆಂದು ಜನ ನಂಬುವ ಸ್ಥಳವಿದು. ಅರಣ್ಯ ಇಲಾಖೆಯವರ ಅನುಮತಿ ಪಡೆದು, ಅಲ್ಲಿನ ದಾರಿ ಬಲ್ಲ ಒಬ್ಬರನ್ನು ಜೊತೆಗೆ ಕರೆದುಕೊಂಡು, ಬೆಳಗಿನ ಆರೂವರೆಗೆ ಕಾಡಿನ ಕಾಲುದಾರಿ ಹಿಡಿದೆವು. ಮೊದಲ ಎರಡು ಗಂಟೆಗಳೇ ಈ ನಡಿಗೆಯ ನಿಜವಾದ ಸಂಪತ್ತು. ಜಾಲಾರಿ ಮತ್ತು ದಿಂಡಿಗದ ಮರಗಳ ನೆರಳು, ನಡುನಡುವೆ ಬಂದರೆ ಎಂಬ ಗಿಡದ ಪೊದೆಗಳು, ಮರ ತೆಳುವಾದಲ್ಲೆಲ್ಲ ನೆಲದಿಂದ ಬೆನ್ನು ಹೊರಚಾಚಿದ ಕಣಶಿಲೆಯ ಹಾಸುಬಂಡೆಗಳು. ಹೀಗೆ ಕಾಡು ಮತ್ತು ಕಲ್ಲು ಒಂದನ್ನೊಂದು ಬಿಟ್ಟುಕೊಡದೆ ಸಾಗುತ್ತವೆ. ಏರು ಎಲ್ಲಿಯೂ ಒಮ್ಮೆಲೇ ಎದುರಾಗುವುದಿಲ್ಲವಾದ್ದರಿಂದ ಮಂಡಿನೋವಿನ ಅಕ್ಕನಿಗೂ ಮಾತನಾಡುತ್ತಲೇ ನಡೆಯುವುದು ಸಾಧ್ಯವಾಯಿತು. ಬಂಡೆಗಳಿರುವ ಕುರುಚಲು ಕಾಡನ್ನೇ ನೆಚ್ಚಿಕೊಂಡಿರುವ ಹಳದಿ ಕೊರಳಿನ ಪಿಕಳಾರ ಇಲ್ಲಿ ಇದೆಯೆಂದು ಓದಿದ್ದೆ. ಎರಡನೆಯ ಸಲ ಅದು ಕಾಣಿಸಿದಾಗ ನಾವು ಮೂವರೂ ಉಸಿರು ಬಿಗಿಹಿಡಿದು ನಿಂತಿದ್ದೆವು.

ಅನಂತರ ಭೋಗ ನರಸಿಂಹಸ್ವಾಮಿಯ ಗುಡಿ, ಅಲ್ಲಿಂದ ಮೇಲೆ ಯೋಗ ನರಸಿಂಹಸ್ವಾಮಿಯ ಗುಡಿ. ಆನೆಬಿದ್ದಸರಿ ಎಂದೂ ಆಮೇಲೆ ಜಡಕನ ದುರ್ಗವೆಂದೂ ಕರೆಸಿಕೊಂಡಿದ್ದ ಈ ಬೆಟ್ಟಕ್ಕೆ ಈಗಿನ ಹೆಸರು ಬಂದದ್ದು ಮೈಸೂರಿನ ಚಿಕ್ಕದೇವರಾಜ ಒಡೆಯರು ಇದನ್ನು ಗೆದ್ದುಕೊಂಡ ಮೇಲೆ. ಸುಮಾರು 1,200 ಮೀಟರ್ ಎತ್ತರದ ನೆತ್ತಿಯ ಮೇಲೆ ನಿಂತು ಸುತ್ತ ನೋಡುವಾಗ ನನಗೆ ಪ್ರತಿಸಲವೂ ನೆನಪಾಗುವುದು ನೀರಿನ ಕಥೆ: ಈ ಬೆಟ್ಟಸಾಲಿನಲ್ಲಿ ಹುಟ್ಟುವ ಶಿಂಷೆ ತೆಂಕಣಕ್ಕೆ ಹರಿದು ಕಾವೇರಿಯನ್ನು ಸೇರಿದರೆ, ಇಲ್ಲಿಯೇ ಹುಟ್ಟುವ ಜಯಮಂಗಲಿ ಬಡಗಣಕ್ಕೆ ಹರಿದು ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಕಾಲುದಾರಿಯಲ್ಲಿ ಹತ್ತಿ ಬಂದವನಿಗೆ ಆ ಇಳಿಜಾರುಗಳು ಭೂಪಟದ ಗೆರೆಗಳಾಗಿ ಉಳಿಯದೆ ಅಂಗಾಲಿಗೇ ತಿಳಿಯುತ್ತವೆ.

ಈ ಸುತ್ತಿನ ಕೊರತೆ ಇರುವುದು ಮರಳುವ ದಾರಿಯಲ್ಲಿ. ಕೊನೆಯ ಒಂದು ಗಂಟೆಯ ಬಹುಪಾಲು ಡಾಂಬರು ರಸ್ತೆ. ಭಾನುವಾರ ಹತ್ತು ಗಂಟೆಯ ಹೊತ್ತಿಗೆ ಕಾರುಗಳ ಸಾಲು, ತಿರುವುಗಳಲ್ಲಿ ಹಾರ್ನ್, ತಿಂಡಿಯ ಪೊಟ್ಟಣಕ್ಕೆ ಹೊಂಚುಹಾಕುವ ಕೋತಿಗಳು. ವಾರದ ನಡುವೆ ಹೋದ ಸಲ ಇದೇ ರಸ್ತೆ ಎಷ್ಟು ಶಾಂತವಾಗಿತ್ತೆಂದರೆ ಅದನ್ನು ಕೊರತೆಯೆಂದು ಲೆಕ್ಕಕ್ಕೆ ಹಿಡಿಯಬೇಕೇ ಎಂದು ಅನುಮಾನವಾಯಿತು. ಒಟ್ಟು ನಡಿಗೆಗೆ ವಿಶ್ರಾಂತಿ ಸೇರಿ ಐದು ಗಂಟೆ ಹಿಡಿಯಿತು.

ಸಿದ್ದರಬೆಟ್ಟಕ್ಕೆ ಬೇಕಾದದ್ದು ಮೂರೂವರೆ ಗಂಟೆ ಮಾತ್ರ. ಆದರೆ ಆಯಾಸ ಅದರದೇ ಹೆಚ್ಚು. ಮೆಟ್ಟಿಲುಗಳು ಸಿದ್ದೇಶ್ವರನ ಗುಹೆಯವರೆಗೆ ಕರೆದೊಯ್ಯುತ್ತವೆ. ಬಂಡೆಗಳ ಅಡಿಯ ತಂಪಿನಲ್ಲಿ ನೀರಿನ ಸದ್ದು ಕೇಳುತ್ತ ಕುಳಿತರೆ ಏಳಲು ಮನಸ್ಸಾಗುವುದಿಲ್ಲ. ಗುಹೆಯಿಂದ ಮುಂದಕ್ಕೆ ಮಾತ್ರ ದಾರಿ ಎನ್ನುವಂಥದು ಉಳಿಯುವುದಿಲ್ಲ. ಒಂದರ ಮೇಲೊಂದು ಒರಗಿದ ಗುಂಡುಗಳ ನಡುವೆ ಚೀಲವನ್ನು ಮೊದಲು ಮೇಲಕ್ಕೆ ದಾಟಿಸಿ, ಆಮೇಲೆ ಕೈಯೂರಿ ಮೈಯನ್ನು ಎಳೆದುಕೊಳ್ಳಬೇಕಾದ ಜಾಗಗಳಿವೆ. ಅಕ್ಕ ಎರಡು ಸಲವೂ ಗುಹೆಯ ಬಳಿಯೇ ಉಳಿದರು. ಅವರನ್ನು ಒತ್ತಾಯಿಸದಿದ್ದುದು ಸರಿಯಾದ ನಿರ್ಧಾರವೆಂದು ಮೇಲೆ ಹೋದ ಮೇಲೆ ತಿಳಿಯಿತು.

ಬಂಡೆಯ ಬಗ್ಗೆ ಒಂದು ಮಾತನ್ನು ಒತ್ತಿ ಹೇಳಬೇಕು. ಒಣಗಿದ ಕಣಶಿಲೆಯ ಮೈ ಉಪ್ಪುಕಾಗದದಂತೆ ತರಿತರಿಯಾಗಿದ್ದು, ಸಾಧಾರಣ ರಬ್ಬರ್ ತಳದ ಬೂಟಿಗೂ ಚೆನ್ನಾಗಿ ಹಿಡಿತ ಕೊಡುತ್ತದೆ. ಆದರೆ ಮಳೆನೀರು ಹರಿದಿಳಿಯುವ ಜಾಡಿನಲ್ಲಿ ಪಾಚಿ ಬೆಳೆದು ಕಪ್ಪು ಪಟ್ಟೆಗಳಾಗಿರುತ್ತವೆ. ಒಣಗಿದಾಗ ನಿರುಪದ್ರವಿಯಾಗಿ ಕಾಣುವ ಅವೇ ಪಟ್ಟೆಗಳು ಇಬ್ಬನಿಯ ತೇವ ಸಿಕ್ಕರೂ ಸಾಕು, ಎಣ್ಣೆ ಸವರಿದಂತಾಗುತ್ತವೆ. ಮಳೆ ನಿಂತ ಮೇಲಿನ ನಡಿಗೆಯಲ್ಲಿ ನನ್ನ ಎಡಗಾಲು ಜಾರಿದ್ದು ಅಂಥದೊಂದು ಪಟ್ಟೆಯ ಮೇಲೆಯೇ. ಮೊಣಕೈ ತರಚಿತು, ಅಷ್ಟಕ್ಕೇ ಮುಗಿಯಿತು. ಬೇಸಿಗೆಯ ತೊಂದರೆ ಬೇರೆ: ಹತ್ತೂವರೆಗೆಲ್ಲ ಬಂಡೆ ಕಾವಲಿಯಂತೆ ಕಾಯ್ದು, ಕೈಯೂರುವುದು ಕಷ್ಟವಾಯಿತು.

ಮೇಲೆ ಹಳೆಯ ಕೋಟೆಗೋಡೆಯ ಅವಶೇಷಗಳಿವೆ. ಅಲ್ಲಿಂದ ಇನ್ನೊಂದು ಮಗ್ಗುಲಿಗೆ ಮೇಕೆ ಕಾಯುವವರು ಓಡಾಡುವ ಜಾಡಿನಲ್ಲಿ ಇಳಿದು, ಹೊಲಗಳ ಬದುವಿನ ಮೇಲೆ ಬೆಟ್ಟದ ಬುಡವನ್ನು ಸುತ್ತಿ ಮರಳಿದೆವು. ಇಳಿಜಾರಿನಲ್ಲಿ ಸೊಂಟದೆತ್ತರದ ಹುಲ್ಲು ಕಲ್ಲುಗಳ ಸಂದುಗಳನ್ನು ಮುಚ್ಚಿಬಿಟ್ಟಿರುತ್ತದೆ. ಕೋಲಿನಿಂದ ತಟ್ಟಿ ನೋಡದೆ ಹೆಜ್ಜೆ ಇಡಬಾರದು. ಔಷಧಿ ಸಸ್ಯಗಳಿಗೆ ಹೆಸರಾದ ಬೆಟ್ಟವಾದ್ದರಿಂದ ಗಿಡಮೂಲಿಕೆ ಬಲ್ಲ ಹಿರಿಯರೊಬ್ಬರೊಡನೆ ಈ ಮಗ್ಗುಲನ್ನು ನಿಧಾನವಾಗಿ ನೋಡಬೇಕೆಂಬ ಆಸೆ ನನಗಿನ್ನೂ ಉಳಿದಿದೆ.

ಕರಡಿ ಮತ್ತು ಚಿರತೆಯ ಮಾತು ಎರಡು ಕಡೆಯೂ ಒಂದೇ. ಸೂರ್ಯ ಹುಟ್ಟುವ ಮೊದಲು ಕಾಡಿಗೆ ಇಳಿಯಬಾರದು, ಒಬ್ಬರೇ ಹೋಗಬಾರದು, ಗುಂಡುಗಳ ಸಂದಿಗೆ ತಲೆ ಹಾಕುವ ಮೊದಲು ಸದ್ದು ಮಾಡಬೇಕು. ಕುಡಿಯುವ ನೀರನ್ನು ಎರಡಕ್ಕೂ ಮನೆಯಿಂದಲೇ ಒಯ್ದೆವು. ತಲೆಗೆ ಎರಡು ಲೀಟರ್ ದೇವರಾಯನದುರ್ಗದಲ್ಲಿ ಮಿಕ್ಕಿತು, ಬೇಸಿಗೆಯ ಸಿದ್ದರಬೆಟ್ಟದಲ್ಲಿ ಸಾಲಲಿಲ್ಲ.

ಎರಡರಲ್ಲಿ ಒಂದನ್ನೇ ಹೇಳಿ ಎಂದರೆ ನಾನು ಹಿಂಜರಿಯದೆ ದೇವರಾಯನದುರ್ಗವನ್ನು ಹೇಳುತ್ತೇನೆ. ಡಾಂಬರು ರಸ್ತೆಯ ಆ ಒಂದು ಗಂಟೆಯನ್ನು ಕಳೆದರೂ ಅಲ್ಲಿನ ನೆರಳಿನ ಎರಡು ಗಂಟೆಗಳಿಗೆ ಸಮನಾದದ್ದು ಸಿದ್ದರಬೆಟ್ಟದಲ್ಲಿ ಇಲ್ಲ. ಮೇಲಾಗಿ, ಹೊರಟವರೆಲ್ಲರೂ ಒಟ್ಟಿಗೇ ಸುತ್ತು ಮುಗಿಸಬಹುದು ಎಂಬುದು ಮನೆಮಂದಿಯೊಡನೆ ನಡೆಯುವ ನನಗೆ ಸಣ್ಣ ಸಂಗತಿಯಲ್ಲ. ಅಕ್ಕನ ಮಗನ ತೀರ್ಪು ಇದಕ್ಕೆ ವಿರುದ್ಧ. ಕೈಗೆ ಕೆಲಸವಿಲ್ಲದ ಬೆಟ್ಟ ಅವನಿಗೆ ಬೆಟ್ಟವೇ ಅಲ್ಲ. ಬಂಡೆ ಏರುವ ಹುರುಪಿರುವ, ಎತ್ತರಕ್ಕೆ ಅಂಜದ ಹರೆಯದವರಿಗೆ ಅವನ ಮಾತೇ ಸರಿಯಿರಬಹುದು; ಅಂಥವರು ಮಳೆ ನಿಂತು ಬಂಡೆ ಪೂರ್ತಿ ಒಣಗಿದ ಮೇಲೆ, ಬಿಸಿಲು ಬಲಿಯುವ ಮೊದಲು, ಡಿಸೆಂಬರ್ ಮತ್ತು ಜನವರಿಯ ಬೆಳಗುಗಳನ್ನು ಸಿದ್ದರಬೆಟ್ಟಕ್ಕೆ ಮೀಸಲಿಡಲಿ.