ಎಐ ಬರವಣಿಗೆ ಆ್ಯಪ್: ಆಫೀಸ್ ಮೇಲ್‌ಗೆ ಸೈ, ಸಂತಾಪಕ್ಕೆ ಬೇಡ

ರೇಟಿಂಗ್: 5ಕ್ಕೆ 3

ಮಂಗಳೂರಿನ ಹಂಪನಕಟ್ಟೆ ಹತ್ತಿರ ಫ್ರಿಜ್, ಮಿಕ್ಸಿ, ಗ್ರೈಂಡರ್ ಮಾರುವ ಅಂಗಡಿಯಲ್ಲಿ ನನಗೆ ಕೆಲಸ. ಜಾಹೀರಾತು, ಸಿಬ್ಬಂದಿಗೆ ಹೋಗುವ ಸಂದೇಶ ಎರಡನ್ನೂ ನಾನೇ ನೋಡಿಕೊಳ್ಳುತ್ತೇನೆ. ಹಣ ಕಟ್ಟಿ ಈ ಆ್ಯಪ್ ತೆಗೆದುಕೊಂಡು ವರ್ಷ ದಾಟಿತು.

ಕಂಪನಿಗಳಿಗೆ ಇಂಗ್ಲಿಷ್ ಮೇಲ್, ವಾರಂಟಿ ವಿವರ, ಡ್ಯೂಟಿ ಪಟ್ಟಿ ಎಲ್ಲ ಚಕಚಕ ಆಗುತ್ತವೆ. ಸಿಟ್ಟಿನಲ್ಲಿ ಬರೆದ ಮೇಲನ್ನು ತಣ್ಣಗೆ ಮಾಡುವುದರಲ್ಲಂತೂ ಎತ್ತಿದ ಕೈ. ಇಷ್ಟಕ್ಕೇ ಆದರೆ 5 ಕೊಡುತ್ತಿದ್ದೆ.

ನಮ್ಮ ಗೋಡೌನಿನ ಹುಡುಗನ ತಂದೆ ತೀರಿಕೊಂಡಾಗ ನನಗೆ ನಿಜಕ್ಕೂ ಬೇಸರವಾಯಿತು. ಆಫೀಸ್ ಗ್ರೂಪಿನಲ್ಲಿ ಸಾಲಾಗಿ ಆ್ಯಪ್ ಬರೆದುಕೊಟ್ಟ ಒಂದೇ ಅಚ್ಚಿನ ಸಂತಾಪ: 'ಈ ಕಠಿಣ ಸಮಯದಲ್ಲಿ ನಮ್ಮ ಆಲೋಚನೆಗಳು ನಿಮ್ಮೊಂದಿಗಿವೆ.' ನಮ್ಮೂರಲ್ಲಿ ಯಾರು ಹೀಗೆ ಮಾತಾಡ್ತಾರೆ? ಹುಡುಗ ಯಾವುದಕ್ಕೂ ಉತ್ತರ ಕೊಡಲಿಲ್ಲ. ಆಮೇಲೆ ಅಕೌಂಟ್ಸ್ ಅಕ್ಕ ಬರೆದರು: 'ಬೊಜ್ಜಕ್ಕೆ (ಉತ್ತರಕ್ರಿಯೆಗೆ) ನಾವೆಲ್ಲ ಬರ್ತೇವೆ ಮಗಾ. ರಜೆಯದ್ದು ನಾನು ನೋಡಿಕೊಳ್ತೇನೆ, ನೀನು ಅಮ್ಮನ ಹತ್ತಿರವೇ ಇರು.' ಅವನು ಕೂಡಲೇ ಫೋನ್ ಮಾಡಿದ್ದು ಅವರಿಗೆ.

2023ರ ಫೆಬ್ರವರಿಯಲ್ಲಿ ಅಮೆರಿಕದ ಮಿಶಿಗನ್ ಸ್ಟೇಟ್ ಯುನಿವರ್ಸಿಟಿಯಲ್ಲಿ ಗುಂಡಿನ ದಾಳಿಯಾದ ಮೇಲೂ ಹೀಗೇ ಆಗಿತ್ತು. ವ್ಯಾಂಡರ್‌ಬಿಲ್ಟ್ ಯುನಿವರ್ಸಿಟಿಯ ಒಂದು ವಿಭಾಗ ತನ್ನ ವಿದ್ಯಾರ್ಥಿಗಳಿಗೆ ಸಾಂತ್ವನದ ಮೇಲ್ ಕಳಿಸಿತು. ಚಾಟ್‌ಜಿಪಿಟಿಯ ನೆರವು ಪಡೆದದ್ದು ಅಂತ ಅದರ ಕೆಳಗೇ ಬರೆದಿತ್ತು. ವಿದ್ಯಾರ್ಥಿಗಳು ನೊಂದುಕೊಂಡರು, ವಿಭಾಗ ಕ್ಷಮೆ ಕೇಳಬೇಕಾಯಿತು. ತಮಗಾಗಿ ಯಾರೋ ಐದು ನಿಮಿಷ ಕೂತು ಬರೆದರು ಅನ್ನುವಷ್ಟಾದರೂ ಅವರಿಗೆ ಬೇಕಿತ್ತು, ಅಲ್ವಾ?

ಜಾಹೀರಾತಿನದ್ದು ಬೇರೆ ಕಥೆ. ತುಳುನಾಡಿನ ಆಟಿ ತಿಂಗಳ (ಜುಲೈ-ಆಗಸ್ಟ್ ಹೊತ್ತಿನ) ಆಫರ್‌ಗೆ ಮನಸ್ಸಿಗೆ ತಟ್ಟುವ ಹಾಗೆ ನಾಲ್ಕು ಸಾಲು ಕೇಳಿದೆ. 'ಆಟಿಯ ಶುಭ ಮುಹೂರ್ತದಲ್ಲಿ ಹೊಸ ಮನೆಗೆ ಕಾಲಿಡಿ' ಅಂತ ಕೊಟ್ಟಿತು. ಆಟಿಯಲ್ಲಿ ಗೃಹಪ್ರವೇಶ ಯಾರು ಮಾಡ್ತಾರೆ ಮಾರಾಯ್ರೆ! ಮಳೆ ಜಡಿಯುವ, ಹಿಂದೆ ಊಟಕ್ಕೂ ಕಷ್ಟವಿದ್ದ ತಿಂಗಳು ಅದು. ಹೊಸದಾಗಿ ಮದುವೆಯಾದ ಮಗಳು ತವರಿಗೆ ಬರುವುದು, ಅಮಾವಾಸ್ಯೆ ಬೆಳಿಗ್ಗೆ ಪಾಲೆ ಮರದ ಕೆತ್ತೆಯ ಕಷಾಯ, ಪತ್ರೊಡೆ, ಆಟಿ ಅಂದರೆ ನಮಗೆ ನೆನಪಾಗುವುದು ಇವೇ. ಕೊನೆಗೆ ಕೌಂಟರಿನ ಹುಡುಗಿ ಹೇಳಿದ ಸಾಲನ್ನೇ ಹಾಕಿದೆವು: 'ಮಗಳು ಆಟಿಗೆ ಬಂದಿದ್ದಾಳೆ. ಪತ್ರೊಡೆಗೆ ಅಕ್ಕಿ ಗ್ರೈಂಡರ್ ಅರೆಯಲಿ, ಅಮ್ಮ ಕೂತು ಮಾತಾಡಲಿ.' ಅಂಗಡಿಗೆ ಬಂದವರು ಆ ಸಾಲು ಹೇಳಿ ನಕ್ಕು, ತಮ್ಮ ಮನೆಯ ಸುದ್ದಿಯನ್ನೂ ಹೇಳಿ ಹೋದರು.

ಎಐ ಸೇರಿದ ಕೂಡಲೇ ಜಾಹೀರಾತು ಕೆಡುತ್ತದೆ ಅಂತ ನಾನು ಹೇಳುವುದಿಲ್ಲ. 2021ರ ದೀಪಾವಳಿಗೆ ಕ್ಯಾಡ್ಬರಿಯವರು ಎಐ ಬಳಸಿ ಶಾರುಖ್ ಖಾನ್ ಬಾಯಲ್ಲಿ ಸಣ್ಣಪುಟ್ಟ ಅಂಗಡಿಗಳ ಹೆಸರು ಹೇಳಿಸಿದ್ದರು. ನನಗದು ತುಂಬಾ ಇಷ್ಟ. ಕೊರೊನಾದಲ್ಲಿ ನಲುಗಿದ ಅಂಗಡಿಯವರಿಗೆ ವ್ಯಾಪಾರ ಆಗಲಿ ಅನ್ನುವ ಯೋಚನೆ ಮನುಷ್ಯರದ್ದು. ಹೆಸರು ಬದಲಿಸುವ ಕೆಲಸ ಮಾತ್ರ ಮೆಷಿನ್‌ನದ್ದು.

ಚಂದಾ ಈ ವರ್ಷವೂ ಕಟ್ಟಿದ್ದೇವೆ, ದುಡ್ಡಿಗೆ ಮೋಸವಿಲ್ಲ. ಆದರೆ ಸಾವು, ಕಾಯಿಲೆ, ಹಬ್ಬದ ಜಾಹೀರಾತು ಇವನ್ನು ಆ್ಯಪ್‌ಗೆ ಕೊಡುವುದು ನಿಲ್ಲಿಸಿದ್ದೇವೆ. ಬರೆಯಲು ತಡವರಿಸುವವರಿಗೆ ಸುಮ್ನೆ ಒಂದು ವಾಯ್ಸ್ ಮೆಸೇಜ್ ಕಳಿಸಿ ಅಂತ ಹೇಳಿದ್ದೇನೆ, ತುಳುವಿನಲ್ಲೇ ಆದರೂ ಸರಿ.