ಮರಿಕೋಳಿಗೆ ಕಾವು: ಬಲ್ಬೋ, ಪ್ಲೇಟೋ?

ಪುಣೆಯ ಡಿಸೆಂಬರ್ ಚಳಿಯಲ್ಲಿ ಮರಿ ತರಿಸುವ ನಮ್ಮವರೇ, ಮೊದಲ ವಾರ 32ರಿಂದ 35 ಡಿಗ್ರಿ ಕಾವು ಬೇಕು. ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿ ಇಳಿಸುತ್ತಾ ಬನ್ನಿ.

ಹತ್ತು-ಹನ್ನೆರಡು ಮರಿಗೆ ಹಳೇ ಕಾಲದ 60 ವ್ಯಾಟ್ ತಂತಿ ಬಲ್ಬೇ ಅಗ್ಗ. ತಾಪಕೀರ್ ಗಲ್ಲಿಯ ಎಲೆಕ್ಟ್ರಿಕ್ ಅಂಗಡಿಗಳಲ್ಲಿ ವಿಚಾರಿಸಿ. ಎಲ್‌ಇಡಿ ಕಾವಿಗೆ ಬಾರದು. 250 ವ್ಯಾಟ್‌ನ ಇನ್‌ಫ್ರಾರೆಡ್ ಬಲ್ಬ್ ಜೋರೇನೋ ಜೋರು, ಆದರೆ ಜಾರಿ ನೆಲಕ್ಕೆ ಹಾಸಿದ ಹೊಟ್ಟಿನ ಮೇಲೆ ಬಿತ್ತೋ, ಬೆಂಕಿಯೇ. ಪ್ಲಾಸ್ಟಿಕ್ ಹೋಲ್ಡರ್ ಬಿಟ್ಟು ಪಿಂಗಾಣಿಯದು ಹಾಕಿ, ಸರಪಳಿಯಲ್ಲಿ ತೂಗುಬಿಡಿ. ಹೀಟಿಂಗ್ ಪ್ಲೇಟ್, ಅಂದರೆ ಕಾಲುಗಳ ಮೇಲೆ ನಿಲ್ಲುವ ಬಿಸಿ ಹಲಗೆ, ದುಬಾರಿ. ಆದರೆ ಕರೆಂಟ್ ಕಡಿಮೆ, ಮರಿಗಳು ತಾಯಿಯ ರೆಕ್ಕೆಯಡಿ ಹೋದಂತೆ ನುಸುಳುತ್ತವೆ. ವರ್ಷವರ್ಷವೂ ಸಾಕುವವರು ಇದನ್ನೇ ಕೊಳ್ಳಿ ಎನ್ನುತ್ತೇನೆ. ಮುಚ್ಚಿದ ಕೋಣೆಯಲ್ಲಿ ಇದ್ದಿಲ ಶೇಗಡಿ ಮಾತ್ರ ಬೇಡವೇ ಬೇಡ, ಅದರಿಂದ ಹೊಮ್ಮುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಕಣ್ಣಿಗೆ ಕಾಣುವುದಿಲ್ಲ.

ಮರಿಗಳು ಬಲ್ಬಿನಡಿ ಒತ್ತೊತ್ತಾಗಿ ನಿಂತು ಚೀಂವ್‌ಗುಟ್ಟಿದರೆ ಚಳಿ. ಬಾಯ್ತೆರೆದು ಮೂಲೆ ಸೇರಿದರೆ ಸೆಕೆ, ಬಲ್ಬನ್ನು ನಾಲ್ಕು ಬೆರಳು ಮೇಲೆತ್ತಿ.